ಮಾವ ತೂರಾಡಿದ ದಿನ

ಮೊನ್ನೆ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಹೊರಗೆ ದ್ರಾಕ್ಷಿ ಬುಟ್ಟಿಯೊಂದು ಮಗುಚಿ, ಓಡಾಡುವವರ ಚಪ್ಪಲಿಯಡಿ ಹಣ್ಣೆಲ್ಲ ಜಜ್ಜಿಹೋಗಿತ್ತು. ನಮ್ಮ ಕಡೆಯ ಕಪ್ಪು ದ್ರಾಕ್ಷಿಯ ವಾಸನೆ ನಿಮಗೆ ಗೊತ್ತಿರಬಹುದು; ಹುಳಿ, ಸಿಹಿ ಎರಡೂ ಒಟ್ಟಿಗೇ ಮೂಗಿಗೆ ಹತ್ತುತ್ತವೆ. ಬೇರೆಯವರಿಗೆ ಬಾಯಲ್ಲಿ ನೀರೂರುತ್ತದೆ. ನನಗೆ ಅಂಗೈ ಬೆವರುತ್ತದೆ.

ಆಗ ನನಗೆ ಮದುವೆಯಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಗೌರಿಬಿದನೂರಿನಿಂದ ಸಾದಲಿಯ ಹತ್ತಿರದ ಒಂದು ದ್ರಾಕ್ಷಿ ತೋಟದ ಮನೆಗೆ ಸೊಸೆಯಾಗಿ ಬಂದಿದ್ದೆ. ಬೆಂಗಳೂರಿನಿಂದ ಇಬ್ಬರು ಕಾಲೇಜಿನ ಗೆಳತಿಯರು ಕಾರು ಮಾಡಿಕೊಂಡು ಬರುತ್ತೇವೆಂದಾಗ ನನಗೆ ನಿದ್ದೆಯೇ ಹತ್ತಲಿಲ್ಲ. ಹಳ್ಳಿ ಸೇರಿದಳು ಪಾಪ ಅಂದುಬಿಟ್ಟರೆ? ಕೂತು ಒಂದು ಪಟ್ಟಿ ಮಾಡಿದೆ. ಬೆಳಿಗ್ಗೆ ನಂದಿಯ ಭೋಗನಂದೀಶ್ವರ, ಅಲ್ಲಿನ ಕಲ್ಯಾಣಿ. ಹನ್ನೊಂದಕ್ಕೆ ವೈನ್ ತಯಾರಿಸುವ ತೋಟ, ಅಲ್ಲಿ ವೈನಿನ ರುಚಿ ನೋಡುವುದು. ಮಧ್ಯಾಹ್ನ ಮನೆಗೆ ಬಂದು ಮುದ್ದೆ, ಅವರೆಕಾಳು ಸಾರು. ಪಟ್ಟಿಯಲ್ಲಿ ಬೆಳಗಿನ ತಿಂಡಿಯೇ ಇರಲಿಲ್ಲ. ಅದು ಆಗ ಹೊಳೆಯಲೂ ಇಲ್ಲ.

ಮಾವನೂ ಹೊರಟರು. ಜೀವಮಾನವೆಲ್ಲ ದ್ರಾಕ್ಷಿ ಬೆಳೆದವರು, ಕುಡಿತವೆಂದರೆ ದೂರ. "ನಮ್ ಹಣ್ಣು ಲಾರಿ ಹತ್ತಿ ಎಲ್ಲಿಗೋಗಿ ಏನಾಗ್ತದೋ, ಒಂದ್ಸಲ ನೋಡ್ಬೇಕು ಕಣಮ್ಮ" ಅಂದರು. ಅವರ ಜೊತೆ ಅತ್ತೆಯೂ ಬಂದರು. ಅವತ್ತು ಸೋಮವಾರ. ದೇವರ ದರ್ಶನವಾಗುವವರೆಗೆ ಮಾವ ಏನೂ ತಿನ್ನುವವರಲ್ಲ. ಆದರೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ಅಭ್ಯಾಸಬಲದಿಂದ ಎದ್ದ ಕೂಡಲೇ ನುಂಗಿದ್ದರು. ದರ್ಶನ ಮುಗಿಸಿ ಹೊರಬಂದಾಗ ದೇವಸ್ಥಾನದ ಎದುರಿನ ಹೋಟೆಲಿನಲ್ಲಿ ಬಿಸಿ ಇಡ್ಲಿ ಇಳಿಸುತ್ತಿದ್ದರು. ಮಾವ ಅತ್ತ ಒಂದು ಹೆಜ್ಜೆ ಇಟ್ಟರು. ನಾನು ಗಡಿಯಾರ ನೋಡಿದೆ.

"ಹೊತ್ತಾಗ್ತದೆ ಮಾವ, ಅಲ್ಲೇ ಏನಾದ್ರೂ ತಿನ್ನಣ ಬನ್ನಿ" ಅಂದೆ. ಹೊಸ ಸೊಸೆಯ ಮಾತು. ಇಟ್ಟ ಹೆಜ್ಜೆ ಹಿಂತೆಗೆದು ಕಾರು ಹತ್ತಿದರು.

ವೈನಿನ ತೋಟದಲ್ಲಿ ಅತ್ತೆ ಒಳಗೆ ಬರಲು ಒಪ್ಪಲಿಲ್ಲ. ಹೊರಗೆ ಹೊಂಗೆ ಮರದಡಿ ಕೂತರು. ಒಳಗೆ ಉದ್ದನೆಯ ಮೇಜು, ಸಾಲಾಗಿ ಗ್ಲಾಸುಗಳು, ತಟ್ಟೆಯಲ್ಲಿ ಎಣಿಸಿಟ್ಟಂತೆ ನಾಲ್ಕು ಚೀಸ್ ತುಂಡು. ವೈನ್ ಸುರಿಯುತ್ತಿದ್ದ ಹುಡುಗಿ ಮಾವನ ಮುಂದೆಯೂ ಒಂದು ಗ್ಲಾಸು ಇಟ್ಟಳು. ಅವರು ಅದನ್ನು ಮೂಗಿನ ಹತ್ತಿರ ಹಿಡಿದದ್ದನ್ನಷ್ಟೇ ನೋಡಿದೆ. ಆಮೇಲೆ ಗ್ಲಾಸನ್ನು ಹೇಗೆ ಹಿಡಿಯಬೇಕು, ಹೇಗೆ ತಿರುಗಿಸಬೇಕು ಎಂದು ಕಲಿಯುವ ಗಡಿಬಿಡಿಯಲ್ಲಿ ಅವರನ್ನು ಮರೆತೇಬಿಟ್ಟೆ.

ಸ್ವಲ್ಪ ಹೊತ್ತಿಗೆ ಗೆಳತಿಯೊಬ್ಬಳು ಕಿಟಕಿಯಾಚೆ ನೋಡಿ ನಕ್ಕಳು. "ನಿಮ್ಮ ಮಾವ ಚೆನ್ನಾಗೇ ಟೇಸ್ಟ್ ಮಾಡಿದಾರೆ ಕಣೇ!"

ದ್ರಾಕ್ಷಿ ಸಾಲುಗಳ ನಡುವೆ ಮಾವ ತೂರಾಡುತ್ತಿದ್ದರು. ಒಂದು ಕಲ್ಲುಕಂಬ ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಮೇಜಿನತ್ತ ತಿರುಗಿದೆ; ಅವರ ಗ್ಲಾಸು ಖಾಲಿಯಾಗಿತ್ತು. ನನ್ನ ತವರಿನ ಚಿಕ್ಕಪ್ಪ ಕುಡುಕ. ಆ ನಡಿಗೆಯನ್ನು ಚಿಕ್ಕಂದಿನಿಂದ ಕಂಡವಳು ನಾನು. ಬೇರೆ ಪ್ರವಾಸಿಗರೂ ನೋಡುತ್ತಿದ್ದರು. ಯಾರೋ ಫೋನ್ ಎತ್ತಿ ಹಿಡಿದಿದ್ದರು. ಓಡಿಹೋಗಿ ಮಾವನ ತೋಳು ಹಿಡಿದೆ. ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು, ಕೈ ತಣ್ಣಗಿತ್ತು.

"ಏನ್ ಮಾವ ಇದು? ನಾಲ್ಕು ಜನದ ಮುಂದೆ? ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ?"

ಅವರು ಏನೋ ಹೇಳಿದರು, ಮಾತು ತೊದಲಿತು. ತೊದಲಿದ್ದೇ ನನಗೆ ಸಾಕ್ಷಿಯಾಯಿತು. ಮಣ್ಣಿನ ಮೇಲೆ ಕೂರಿಸಿದೆ. "ಇಳಿಯೋವರೆಗೂ ಇಲ್ಲೇ ಕೂತಿರಿ" ಅಂದೆ. ಅಂದು, ಗೆಳತಿಯರಿಗೆ ಏನು ಹೇಳಲಿ ಎಂದು ಯೋಚಿಸುತ್ತಾ ಪಕ್ಕದಲ್ಲಿ ನಿಂತೆ. ಎಷ್ಟು ಹೊತ್ತು ನಿಂತೆನೋ ಇವತ್ತಿಗೂ ಲೆಕ್ಕ ಸಿಕ್ಕಿಲ್ಲ. ಐದು ನಿಮಿಷವಿರಬಹುದು. ಹತ್ತೂ ಆಗಿರಬಹುದು.

ಅತ್ತೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಓಡಿಬಂದರು. "ಕುಡಿದುಬಿಟ್ಟಿದಾರೆ ಅತ್ತೆ" ಅಂದೆ. ಅವರು ನನ್ನತ್ತ ತಿರುಗಿಯೂ ನೋಡಲಿಲ್ಲ. ಬಗ್ಗಿ ಗಂಡನ ಬಾಯಿ ಮೂಸಿದರು.

"ಅಯ್ಯೋ ದೇವುಡಾ! ಸಕ್ಕರೆ ಇಳಿದೋಗಿದೆ ಕಣೇ! ಒಳಗೆ ಹೊಟ್ಟೆಗೇನಾದ್ರೂ ಕೊಟ್ರಾ ಇಲ್ವಾ?"

ತಲೆಯ ಮೇಲೆ ಜೋತಾಡುತ್ತಿದ್ದ ಗೊಂಚಲನ್ನು ಕಿತ್ತು, ಅಂಗೈಯಲ್ಲಿ ಹಿಸುಕಿ, ರಸವನ್ನು ಅವರ ತುಟಿಗೆ ಹಿಡಿದರು. "ಇಲ್ನೋಡಿ, ಬಾಯ್ ತೆಗೀರಿ. ನುಂಗಿ. ಇನ್ನೊಂಚೂರು." ದೂರದಿಂದ ಯಾರೋ, "ಅಮ್ಮಾ, ಹಣ್ಣು ಕೀಳಬಾರದು" ಎಂದು ಕೂಗಿದರು. ಅತ್ತೆ ಎರಡನೇ ಗೊಂಚಲು ಕಿತ್ತರು. ರಸ ಅವರ ಮೊಣಕೈವರೆಗೆ ಹರಿಯಿತು, ಮಾವನ ಬಿಳಿ ಅಂಗಿಯೆಲ್ಲ ಕಪ್ಪಾಯಿತು. ನಾನೂ ಕೂತು ಹಿಸುಕಿದೆ. ಅರ್ಧ ನೆಲಕ್ಕೇ ಹೋಯಿತು.

ಒಂದು ಗುಟುಕು ಇಳಿಯಿತು. ಮತ್ತೊಂದು. ಎಷ್ಟೋ ಹೊತ್ತಿನ ಮೇಲೆ ಮಾವ ಕಣ್ಣು ನಿಲ್ಲಿಸಿ ಅತ್ತೆಯನ್ನು ನೋಡಿ, "ಯಾಕೆ ಅಳ್ತೀಯ?" ಅಂದರು. ಆಮೇಲೆ ಗೆಳತಿಯರೇ ಕಾರಿನಲ್ಲಿ ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಕರೆದೊಯ್ದರು. ಮಾತ್ರೆ ನುಂಗಿ ತಿನ್ನದೇ ಇದ್ದುದೇ ಕಾರಣ, ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಮಾವನ ಗ್ಲಾಸಿನಲ್ಲಿದ್ದದ್ದನ್ನು ಕುಡಿದದ್ದು ತಾನೇ, ತಮಾಷೆಗೆ ಹಾಗಂದೆ ಎಂದು ಕಿಟಕಿಯಲ್ಲಿ ನಕ್ಕಿದ್ದ ಗೆಳತಿ ದಾರಿಯಲ್ಲಿ ಮೆಲ್ಲಗೆ ಹೇಳಿದಳು.

ಸಂಜೆ ಮಾವನ ಮುಂದೆ ಮುದ್ದೆಯ ತಟ್ಟೆ ಇಟ್ಟು, ಸಾರು ಬಡಿಸಿದೆ. ಅವರು ತಲೆ ಎತ್ತದೆ ಮುದ್ದೆ ಮುರಿಯುತ್ತಾ ಅಂದರು:

"ನೀನು ಬೈದಿದ್ದೆಲ್ಲ ಕೇಳಿಸ್ತಿತ್ತು ಕಣಮ್ಮ. ಕುಡಿದಿಲ್ಲ ಅನ್ನೋಕೆ ನಾಲಿಗೆ ತಿರುಗಲಿಲ್ಲ, ಅಷ್ಟೇ."

ಕೋಪದ ಮಾತಲ್ಲ ಅದು. ಕೋಪವಾಗಿದ್ದರೆ ಇಷ್ಟು ದಿನ ನನ್ನಲ್ಲಿ ಉಳಿಯುತ್ತಿರಲಿಲ್ಲ.

ಮೊನ್ನೆ ಅದೇ ನಿಲ್ದಾಣದ ಗೋಡೆಗೊರಗಿ ಒಬ್ಬ ಮನುಷ್ಯ ಕಾಲು ಚಾಚಿ ಕೂತಿದ್ದ. ತಲೆ ಎದೆಯ ಮೇಲೆ ಬಿದ್ದಿತ್ತು. ಜನ ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ನಾನು ಪಕ್ಕದಲ್ಲಿ ಕೂತು, "ಸಕ್ಕರೆ ಕಾಯಿಲೆ ಏನಾದ್ರೂ ಇದೆಯೇನಪ್ಪ? ಊಟ ಮಾಡಿದ್ಯಾ?" ಎಂದು ಕೇಳಿದೆ. ಅವನು ಕಷ್ಟಪಟ್ಟು ಒಂದು ಕಣ್ಣು ತೆರೆದ.

"ಇಲ್ಲಮ್ಮ, ಕುಡಿದಿದೀನಿ" ಅಂದ.

ವಾಸನೆಯೂ ಹಾಗೇ ಇತ್ತು. ನಾನು ಹತ್ತಬೇಕಿದ್ದ ಶಿಡ್ಲಘಟ್ಟದ ಬಸ್ಸು ಹೊರಟುಹೋಯಿತು. ನನಗೆ ನಂಬಿಕೆ ಬರಲಿಲ್ಲ. ಒಂದು ಬಾಳೆಹಣ್ಣು ಕೊಂಡು ಸುಲಿದು ಕೊಟ್ಟು, ಅವನು ತಿಂದು ಮುಗಿಸುವವರೆಗೂ ಅಲ್ಲೇ ಕೂತಿದ್ದೆ.