ಸೈಪ್ರೆಸ್ ಮರದ ಹಲ್ಲಿಮನೆ

ಕೋ ಮೇಸ್ತ್ರಿಯ ಮರಗೆಲಸದ ಅಂಗಡಿ ನನ್ನ ಟರ್ಕಿಕೋಳಿ ಅನ್ನದ ಅಂಗಡಿಗೆ ಎದುರಾಬದುರು. ಇಪ್ಪತ್ತೆರಡು ವರ್ಷದಿಂದ ಮಧ್ಯಾಹ್ನ ಬಂದು ಒಂದು ಬಟ್ಟಲು ಅನ್ನ, ಒಂದು ಸೂಪು ಮುಗಿಸಿ ಎದ್ದು ಹೋಗುವ ಮನುಷ್ಯ. ಮಾತಾಡಿದರೆ ಮುತ್ತು ಉದುರಿಬಿಡುತ್ತದೇನೋ ಎಂಬಂತೆ ಬಾಯಿ ಬಿಗಿದಿರುತ್ತಿದ್ದ. ಮದುವೆಯಾಗಲಿಲ್ಲ. ಮದುವೆ ಗೊತ್ತಾಗಿದ್ದ ಹುಡುಗಿ ತೈಪೆಗೆ ಹೋಗಿ ಬೇರೆಯವನನ್ನು ಕಟ್ಟಿಕೊಂಡಳು. ಮದುವೆಯ ಬೀರುವಿಗೆಂದು ಅಪ್ಪ ತಂದಿಟ್ಟಿದ್ದ ಆಲಿಶಾನ್ ಬೆಟ್ಟದ ಸೈಪ್ರೆಸ್ ಹಲಗೆಗಳು ಅಟ್ಟದಲ್ಲೇ ಉಳಿದವು. ತೈವಾನಿನ ನಮ್ಮ ಚಿಯಾಯಿ ಊರಲ್ಲಿ ಆ ಮರಕ್ಕಿಂತ ದೊಡ್ಡ ಉಡುಗೊರೆ ಇಲ್ಲ. ಬೀರುವಿನ ಬಾಗಿಲು ತೆರೆದರೆ ಮನೆಯೆಲ್ಲ ಘಮ್ಮೆನ್ನಬೇಕು.

ರೆಡಿಮೇಡ್ ಬೀರು ಬಂದ ಮೇಲೆ ಮೇಸ್ತ್ರಿಯನ್ನು ಕೇಳುವವರು ಯಾರು? ಹೊಟ್ಟೆಪಾಡಿಗೆ ಅವನು ಜನ ಸಾಕುವ ಹಲ್ಲಿ, ಹಾವುಗಳಿಗೆ ಮನೆ ಮಾಡತೊಡಗಿದ. ಮುಂದೆ ಜಾರುವ ಗಾಜು, ಪಕ್ಕದಲ್ಲಿ ಗಾಳಿಗೆ ಕಿಂಡಿ, ಮೇಲೆ ಬಿಸಿ ದೀಪಕ್ಕೆ ಜಾಗ. ಎಲ್ಲರಿಗೂ ಪ್ಲೈವುಡ್ಡೇ. ಗಿರಾಕಿಗಳು ಅಳತೆಯನ್ನು ಫೋನಿನಲ್ಲೇ ಕಳಿಸುತ್ತಿದ್ದರು. ಅಂಗಡಿಯ ಮೆಟ್ಟಿಲು ಹತ್ತುವವರೇ ಇರಲಿಲ್ಲ.

ಲಾನ್ ಟೀಚರ್ ಹತ್ತಿದರು. ಶಾಲೆಯಲ್ಲಿ ಭೂಗೋಳ ಹೇಳುವವರು, ಐವತ್ತು ದಾಟಿದ ಒಂಟಿ ಹೆಂಗಸು. ಒಂದೇ ಕೋಣೆಯ ಮನೆಯಲ್ಲಿ ಅವರಿಗೆ ಜೊತೆ ಎಂದರೆ ನೀಲಿ ನಾಲಿಗೆಯ ಒಂದು ದಪ್ಪ ಹಲ್ಲಿ, ಹೆಸರು ಶುಂಠಿ. ಅದು ಎಷ್ಟು ಹೊತ್ತಿಗೆ ಮೈ ಕಾಯಿಸುತ್ತದೆ, ಯಾವ ಮೂಲೆಯಲ್ಲಿ ಮಲಗುತ್ತದೆ ಎಂದು ಅವರು ಸ್ಟೂಲ್ ಎಳೆದುಕೊಂಡು ಹೇಳುತ್ತಿದ್ದರೆ ನಮ್ಮ ಮೇಸ್ತ್ರಿ ಉಳಿ ಕೆಳಗಿಟ್ಟು ಕೇಳುತ್ತಿದ್ದ. ಆಮೇಲೆ ಪ್ರತಿ ಶನಿವಾರ ಬಂದರು. ಇವನೂ ಮಾತಾಡಿದ, ಅದೂ ಗಂಟೆಗಟ್ಟಲೆ!

"ಏನಪ್ಪಾ ಕೋ, ಹಲ್ಲಿಗೆ ಅರಮನೆ ಕಟ್ತಿದ್ಯಾ? ಮುಗಿಯೋದೇ ಇಲ್ವಲ್ಲ," ಎಂದು ಕೆಣಕಿದೆ. ಕಿವಿಯವರೆಗೂ ಕೆಂಪಾದ. ಅಟ್ಟದ ಹಲಗೆ ಕೆಳಗಿಳಿದಿದ್ದು ಬೀದಿಗೆಲ್ಲ ವಾಸನೆಯಿಂದಲೇ ಗೊತ್ತಾಯಿತು. ನನಗೂ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಹಲ್ಲಿಮನೆ ತಲುಪಿಸಿದ ಮೇಲೆ ಶನಿವಾರಗಳಂದು ಇವನೇ ಅವರ ಮನೆಗೆ ಹೋಗತೊಡಗಿದ. ಗಾಜು ಸರಿಯಾಗಿ ಜಾರುತ್ತದಾ ನೋಡುವ ನೆಪ, ಆಮೇಲೆ ಚಹಾ. ಮೂರನೇ ವಾರ ಶುಂಠಿ ಊಟ ಬಿಟ್ಟಿತು. ಕಣ್ಣು ಊದಿ, ಬಾಯಿ ತೆರೆದು ಉಸಿರೆಳೆಯತೊಡಗಿತು. ತಾನೇ ಏನೋ ತಪ್ಪು ತಿನ್ನಿಸಿದೆ ಎಂದು ಟೀಚರ್ ಅಳುತ್ತಿದ್ದರಂತೆ. ಮೇಸ್ತ್ರಿ ಹಲ್ಲಿ ಮಾರುವ ಅಂಗಡಿಗೆ ಓಡಿದ. ಅಲ್ಲಿಯವನು ಕೇಳಿದ್ದು ಒಂದೇ, ಯಾವ ಮರ ಎಂದು. ಕೇಳಿ ಹಣೆ ಚಚ್ಚಿಕೊಂಡನಂತೆ. ಘಮಘಮಿಸುವ ಮರದ ಎಣ್ಣೆ ಆ ಜೀವಗಳ ಉಸಿರಿಗೆ ವಿಷವಂತೆ.

ಅಲ್ಲಿಂದ ನೇರ ಬಂದು ನನ್ನ ಬೆಂಚಿನ ಮೇಲೆ ಕೂತ. ಅನ್ನ ಮುಟ್ಟಲಿಲ್ಲ. ಗಾಜು ಬದಲಿಸಬೇಕು ಅಂತ ಏನಾದರೂ ನೆಪ ಹೇಳಿ ಪೆಟ್ಟಿಗೆ ವಾಪಸ್ ತಂದುಬಿಡು, ಮರದ ಸುದ್ದಿ ಎತ್ತಬೇಡ ಎಂದು ನಾನೇ ಕೆಟ್ಟ ಬುದ್ಧಿ ಹೇಳಿಕೊಟ್ಟೆ. ನಿಜ ಹೇಳಿದರೆ ಆ ಮನೆಯ ಬಾಗಿಲು ಇವನಿಗೆ ಮುಚ್ಚುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

"ಅವ್ರು ತಮ್ಮನ್ನೇ ಬೈಕೊಳ್ತಿದ್ದಾರೆ ಅಕ್ಕ," ಎಂದು ಎದ್ದು ಹೋದ.

ಹೋಗಿ ಎಲ್ಲ ಹೇಳಿದ. ಟೀಚರ್ ಬೈಯಲಿಲ್ಲ. ಶುಂಠಿಯನ್ನು ಪ್ಲಾಸ್ಟಿಕ್ ಡಬ್ಬಕ್ಕೆ ಸಾಗಿಸಿ, ಕಿಟಕಿ ತೆರೆದಿಟ್ಟು, ಔಷಧಿ ಕೊಡಿಸಿದರು. ತಿಂಗಳಲ್ಲಿ ಅದು ಬದುಕಿಕೊಂಡಿತು. ಆದರೆ ಇವನು ಪೆಟ್ಟಿಗೆ ತರಲು ಹೋದ ದಿನವೇ ಅವರು ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದ್ದರು.

"ಬೇಜಾರ್ ಮಾಡ್ಕೋಬೇಡಿ ಮೇಸ್ತ್ರಿಗಳೇ. ನಿಮ್ ಮೈಮೇಲೂ ಅದೇ ವಾಸನೆ ಇದೆ. ಒಳಗ್ ಕರೆಯೋಕೆ ಭಯ ಆಗುತ್ತೆ."

ಅವನು ಆ ಪೆಟ್ಟಿಗೆಯನ್ನು ಸಿಕ್ಕವರಿಗೆ ಕೊಟ್ಟುಬಿಟ್ಟ. ಅಂಗಡಿ ತೊಳೆದ. ಅಂಗಿಗಳನ್ನು ಒಗೆದು ಒಗೆದು ಬಿಸಿಲಿಗೆ ಹಾಕಿದ. ಶುಂಠಿ ಚೇತರಿಸಿಕೊಂಡ ಮೇಲಿನ ಒಂದು ಶನಿವಾರ, ತಲೆ ಬಾಚಿಕೊಂಡು ಬಂದು, ಗಿರಾಕಿಗಳ ಮುಂದೆಯೇ ನನ್ನತ್ತ ತೋಳು ಚಾಚಿದ.

"ಅಕ್ಕ, ಮೂಸಿ ನೋಡಿ. ಇನ್ನೂ ಇದ್ಯಾ?"

ಮೂಸಿದೆ. ಕೋಳಿಕೊಬ್ಬಿನ ಹೊಗೆಯ ನಡುವೆಯೂ ಮೂಗಿಗೆ ಬಂತು, ಆ ಹಾಳು ಪರಿಮಳ. ಇಲ್ಲ ಎಂದಿದ್ದರೆ ಅಲ್ಲಿಂದಲೇ ಟೀಚರ್ ಮನೆಗೆ ಓಡುತ್ತಿದ್ದ. ಅವನೇ ಹೇಳದ ಸುಳ್ಳನ್ನು ನಾನು ಯಾವ ಬಾಯಲ್ಲಿ ಹೇಳಲಿ?

"ಇದೆ ಕಣಪ್ಪಾ," ಎಂದೆ.

ತೋಳು ಇಳಿಸಿಕೊಂಡ. "ಅಪ್ಪನ ಕಾಲದ ಅಂಗಡಿ ಅಕ್ಕ, ಗೋಡೆಗೇ ವಾಸನೆ ಹಿಡಿದಿದೆ. ನಾನು ಮಲಗೋದೂ ಅಲ್ಲೇ ಅಲ್ವಾ," ಎಂದು ಅನ್ನಕ್ಕೆ ಹೇಳಿ ಕೂತ.