ಹೆಣ್ಣು ನೋಡಲು ಹೋಗಿ ಒಡಪು ಹೇಳಿದೆ

1961ರಲ್ಲಿ ಆರನೇ ತರಗತಿಗೆ ಓದು ಬಿಟ್ಟು ಹೊಲದ ಗೇಯ್ಮೆಗೆ ಇಳಿದವನು ನಾನು. ಯಾವ ಕೆಲಸಕ್ಕೂ ಹೆದರದವನಿಗೆ, 1972ರಲ್ಲಿ ಆದಿವಾಲ ಎಂಬ ಊರಿಗೆ ಹೆಣ್ಣು ನೋಡಲು ಹೋದಾಗ ಭಯವಾಯಿತು. ಹುಡುಗಿಯ ತಂದೆ ಭಜನೆ ಮೇಳದ ಹಾರ್ಮೋನಿಯಂ ನುಡಿಸುವವರು. "ಒಂದು ಹಾಡು ಹೇಳಪ್ಪ" ಎಂದರು. ನನಗೆ ಬರುತ್ತಿದ್ದುದು ವೀರಗಾಸೆಯ ಒಡಪು, ತಾಳಕ್ಕೆ ಕೂಡಿಸಿ ಗಟ್ಟಿಯಾಗಿ ಹೇಳುವ ಮಾತು. ಎದ್ದು ನಿಂತು ಶುರುಮಾಡಿದೆ.

ನಾಲ್ಕು ಸಾಲಿಗೇ ಅವರು ಕೈಯೆತ್ತಿದರು. "ಇದ್ರಾಗೆ ರಾಗ ಎಲ್ಲೈತಪ್ಪ? ಸಂತ್ಯಾಗೆ ಜಗಳ ಆಡ್ದಂಗೈತೆ!"

"ತಾಳ ಐತೆ, ಕೇಳ್ರಿ" ಎಂದು ಮುಂದುವರಿಸಿದೆ. ಒಡಪಿನವನು ನಿಲ್ಲಿಸಿದ ಕಡೆ ಕೇಳುವವರು "ಆಹಾ ರುದ್ರಾ" ಎನ್ನಬೇಕು. ಆಗಲೇ ಅವನಿಗೆ ಉಸಿರು, ಮುಂದಿನ ಮಾತು. ಅಲ್ಲಿಗೆ ಬಂದು ನಿಲ್ಲಿಸಿದೆ. ಯಾರೂ ತುಟಿ ಬಿಚ್ಚಲಿಲ್ಲ. ಮುಂದಿನ ಸಾಲು ಮರೆತೇಹೋಯಿತು. ಈ ಸಂಬಂಧ ತಪ್ಪಿತು ಅಂದುಕೊಂಡೆ.

ಅಷ್ಟರಲ್ಲಿ ಅಡುಗೆಮನೆಯಿಂದ "ಆಹಾ ರುದ್ರಾ!" ಎಂಬ ಕೂಗು ಬಂತು. ಕೂಗಿದ್ದು ಹುಡುಗಿಯೇ. "ಲೇ, ಸುಮ್ನಿರೇ!" ಎಂದು ಅವಳ ತಾಯಿ ಗದರಿದ್ದೂ ಕೇಳಿಸಿತು. ನಾನು ಒಡಪು ಪೂರ್ತಿ ಮಾಡಿದೆ, ಅವಳನ್ನೇ ಮದುವೆಯೂ ಆದೆ.

ಅದು ಹಾಡಲ್ಲವೆಂದು ಮಾವನವರು ಇವತ್ತಿಗೂ ಹೇಳುತ್ತಾರೆ. ಅವರೆದುರು ಒಡಪು ಹೇಳಲು ನನಗೆ ಈಗಲೂ ಹೆದರಿಕೆ. ನಾನೂ ಅವಳೂ ದುಡಿದು ಮಾಡಿಕೊಂಡದ್ದು ಮೂರೆಕರೆ ಹೊಲ, ಒಂದು ಜೊತೆ ಎತ್ತು. ಮಕ್ಕಳು ಇಬ್ಬರು.