ಉಜ್ಜದೆ ಬಿಟ್ಟ ಸತುವಿನ ಪಟ್ಟಿ

ಇವತ್ತು ಬೆಳಿಗ್ಗೆ ಪಕ್ಕದ ತೋಟದವರು ಬಕೆಟ್ಟಿನಲ್ಲಿ ಮೈಲುತುತ್ತ ಕದಡುತ್ತಿದ್ದರು. ಆ ನೀಲಿ ನೀರು ಕಂಡಿದ್ದೇ ತಡ, ಅರಸೀಕೆರೆಯ ನಮ್ಮ ಕಾಲೇಜಿನ ಲ್ಯಾಬು ನೆನಪಾಗಿ ಮುಖ ಬಿಸಿಯಾಯಿತು.

ಬಾಣಾವರದಿಂದ ರೈಲಿನಲ್ಲಿ ಬರುತ್ತಿದ್ದ ಸುಮಿತ್ರ ಲ್ಯಾಬಿನಲ್ಲಿ ನನ್ನ ಜೊತೆಗಾತಿ. ಅದೇ ನೀಲಿ ನೀರಿನಲ್ಲಿ ತಾಮ್ರದ ಪಟ್ಟಿ, ಪಕ್ಕದ ಬೀಕರಿನಲ್ಲಿ ಸತುವಿನ ಪಟ್ಟಿ ಇಟ್ಟು ವೋಲ್ಟೇಜ್ ಅಳೆಯಬೇಕಿತ್ತು. ಸತುವನ್ನು ಉಪ್ಪುಕಾಗದದಿಂದ ಹೊಳೆಯುವ ತನಕ ಉಜ್ಜುವುದು ನನ್ನ ಪಾಲಿನ ಕೆಲಸ. ಬೆರಳು ಕಪ್ಪಾಗುತ್ತದೆಂದು ಎರಡು ಸಲ ಸವರಿ ಬಿಟ್ಟೆ. ಹಳೆಯ ಕಿಲುಬು ಹಾಗೇ ಉಳಿಯಿತು.

ಪುಸ್ತಕದಲ್ಲಿ 1.1 ಇತ್ತು. ನಮ್ಮ ಮೀಟರಿನ ಮುಳ್ಳು 0.9ಕ್ಕೇ ನಿಂತಿತು.

"ಒಂದು ಪಾಯಿಂಟ್ ಒಂದು ಅಂತ್ಲೇ ಬರಿಯೇ, ಎಲ್ರೂ ಹಂಗೇ ಬರೆಯೋದು," ಅಂದೆ.

"ಮುಳ್ಳು ಅಲ್ಲಿಗೆ ಹೋಗೇ ಇಲ್ವಲ್ಲೇ," ಎಂದವಳು ಕಂಡದ್ದನ್ನೇ ಬರೆದಳು. ನಾನು 1.1 ಎಂದೇ ಬರೆದೆ.

ಮೇಷ್ಟ್ರು ಅವಳ ರೆಕಾರ್ಡಿನ ಮೇಲೆ ಕೆಂಪು ಗೀಟು ಎಳೆದರು. "ಇಬ್ಬರದೂ ಒಂದೇ ಟೇಬಲ್ಲು. ಅವಳಿಗೆ ಸರಿಯಾಗಿ ಬಂದಿದ್ದು ನಿನಗ್ಯಾಕಮ್ಮ ಬರಲಿಲ್ಲ?" ಎಲ್ಲರೂ ನಕ್ಕರು. ಪಟ್ಟಿ ಉಜ್ಜದವಳು ನಾನು, ಸುಳ್ಳು ಬರೆದವಳೂ ನಾನು. ಅವಳು ನನ್ನ ಹೆಸರು ಎತ್ತಲೇ ಇಲ್ಲ.

ಮುಂದಿನ ವಾರ ಬೀಕರ್ ತೊಳೆಯುವ ಮೊದಲೇ ಸುಮಿತ್ರ ಪೆನ್ನಿನ ಮುಚ್ಚಳ ತೆಗೆದು ಕೇಳಿದಳು: "ಇವತ್ತು ಎಷ್ಟು ಬರಬೇಕು ಹೇಳೇ, ಮೊದ್ಲೇ ಬರ್ಕೊಂಡ್ಬಿಡ್ತೀನಿ."

ಪಕ್ಕದವರು ಬಕೆಟ್ಟು ತೊಳೆದಿಟ್ಟು ಬಹಳ ಹೊತ್ತಾಯಿತು. ನನಗಿನ್ನೂ ಆ ಮುಚ್ಚಳ ತೆಗೆದ ಸದ್ದೇ ಕೇಳುತ್ತಿದೆ.